ಟ್ಯಾಂಕಿಗೆ ಕಿವಿ ಕೊಡುತ್ತಿದ್ದ ಮೇಸ್ತ್ರಿ

ನಾನು ಪೋರ್ಟ್ ವೈನ್ ಮಾಡುವ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ ಎನ್ನುವುದನ್ನು ನನ್ನಮ್ಮ ವಿದ್ಯಾರಣ್ಯಪುರದ ನಮ್ಮ ರಸ್ತೆಯಲ್ಲಿ ಇಂದಿನವರೆಗೂ ಯಾರಿಗೂ ನೇರವಾಗಿ ಹೇಳಿಲ್ಲ. "ದ್ರಾಕ್ಷಿ ಫ್ಯಾಕ್ಟರೀಲಿ ಲ್ಯಾಬ್ ನೋಡ್ಕೋತಾಳೆ" ಎನ್ನುತ್ತಾಳೆ. ಕೇಳಿದವರು ಒಣದ್ರಾಕ್ಷಿಯೋ ಜ್ಯಾಮೋ ಇರಬೇಕು ಅಂದುಕೊಂಡು ಸುಮ್ಮನಾಗುತ್ತಾರೆ. ಆದರೆ ಅದೇ ರಸ್ತೆಯ ಹೆಂಗಸರು ಒಬ್ಬೊಬ್ಬರಾಗಿ, ನಾನು ಸಾಯಂಕಾಲ ಬಸ್ಸಿಳಿದು ಬರುವ ಹೊತ್ತಿಗೆ ಸರಿಯಾಗಿ ಗೇಟಿನ ಹತ್ತಿರ ನಿಂತು, "ನಮ್ಮ ಸೊಸೆಗೆ ರಕ್ತ ಕಮ್ಮಿ ಕಣ್ರೀ, ಒಂದು ಬಾಟ್ಲು ಸಿಗುತ್ತಾ?" ಎಂದು ಪಿಸುಗುಟ್ಟುತ್ತಾರೆ. ಪೋರ್ಟ್ ವೈನಿನಿಂದ ರಕ್ತ ಆಗುವುದಿಲ್ಲ, ಅದರ ಬಣ್ಣ ಮಾತ್ರ ರಕ್ತದ್ದು ಎಂದು ಮೊದಮೊದಲು ನಾನು ಸಿಡುಕುತ್ತಿದ್ದೆ. ಈಗ ಡಾಕ್ಟರಿಗೆ ತೋರಿಸಿ ಎಂದಷ್ಟೇ ಹೇಳಿ ಒಳಗೆ ಬರುತ್ತೇನೆ. ಸಿಡುಕು ಕಡಿಮೆಯಾಗಿದೆ ಎಂದಲ್ಲ, ಅದನ್ನು ಖರ್ಚು ಮಾಡಲು ಇನ್ನೂ ಒಳ್ಳೆಯ ಜಾಗಗಳು ಸಿಕ್ಕಿವೆ.

ಅಮ್ಮನಿಗೆ ನನ್ನ ಮೇಲಿರುವ ದೂರು ಇದೊಂದೇ ಅಲ್ಲ. ಚಿಕ್ಕಂದಿನಿಂದ ನನಗೆ ಕೆಳತುಟಿ ಕಚ್ಚುವ ಅಭ್ಯಾಸ. ಲೆಕ್ಕದ ಉತ್ತರ ಸರಿ ಬಂದಾಗ, ಸೂಜಿಯೊಳಗೆ ದಾರ ಹೋದಾಗ, ಸಾರಿಗೆ ಉಪ್ಪು ಹದವಾಗಿ ಬಿದ್ದಾಗ ನನಗೇ ತಿಳಿಯದಂತೆ ಕಚ್ಚುತ್ತೇನಂತೆ. "ತುಟಿ ಬಿಡೇ, ಹುಣ್ಣಾಗುತ್ತೆ" ಎಂದು ಅಮ್ಮ ಎಷ್ಟು ಸಲ ಬಾಯಿಯ ಮೇಲೆ ತಟ್ಟಿದ್ದಾಳೋ ಲೆಕ್ಕವಿಲ್ಲ. ಆ ಅಭ್ಯಾಸ ಮಾತ್ರ ಹೋಗಲೇ ಇಲ್ಲ.

ನಮ್ಮ ಕಂಪನಿ ಇರುವುದು ಯಲಹಂಕದಲ್ಲಿ, ಪುಟ್ಟೇನಹಳ್ಳಿ ಕೆರೆಯಿಂದ ಸ್ವಲ್ಪ ಆಚೆ. ತಗಡಿನ ಶೆಡ್ಡು, ಎಂಟು ಸ್ಟೀಲ್ ಟ್ಯಾಂಕು, ಒಂದು ಸಾಲು ಹಳೆಯ ಮರದ ಪೀಪಾಯಿ, ಮೂಲೆಯಲ್ಲಿ ನನ್ನ ಲ್ಯಾಬಿನ ಮೇಜು, ಹೊರಗೊಂದು ನೇರಳೆ ಮರ. ಮಾಲೀಕರು ಜಕ್ಕೂರಿನ ಹಳೇ ಊರಿನವರು. ಅವರ ತಾತ ದ್ರಾಕ್ಷಿ ಬೆಳೆಯುತ್ತಿದ್ದ ತೋಟದಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ. ಕಟ್ಟಿಸಿದವರೂ ಅವರೇ. ದ್ರಾಕ್ಷಿ ಈಗ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯಿಂದ ಕ್ರೇಟುಗಳಲ್ಲಿ ಬರುತ್ತದೆ. ಬೆಂಗಳೂರು ಬ್ಲೂ ಎನ್ನುವ ಜಾತಿ. ದಪ್ಪ ಸಿಪ್ಪೆ, ಒಳಗೆ ಜಾರುವ ತಿರುಳು, ಕ್ರೇಟು ಇಳಿಸಿದರೆ ಇಡೀ ಬೀದಿಗೆ ಗೊತ್ತಾಗುವಂಥ ವಾಸನೆ.

ಈ ಮನೆತನಕ್ಕೆ ವೈನು ಹೇಗೆ ಬಂತು ಎನ್ನುವುದಕ್ಕೆ ಮೂರು ಚರಿತ್ರೆಗಳಿವೆ. ಒಂದು, ಗೇಟಿನ ಪಕ್ಕದ ಬೋರ್ಡಿನಲ್ಲಿರುವುದು: ತಾತನಿಗೆ ಯಾರೋ ಪರದೇಶದ ತೋಟಗಾರ ಗುಟ್ಟು ಹೇಳಿಕೊಟ್ಟನಂತೆ. ಎರಡನೆಯದು ಮಾಲೀಕರು ಶನಿವಾರ ಬರುವ ಪ್ರವಾಸಿಗರಿಗೆ ಹೇಳುವುದು: ಮಾರುಕಟ್ಟೆಗೆ ಹೋಗಬೇಕಿದ್ದ ಲಾರಿ ಬರಲಿಲ್ಲ, ಹಣ್ಣು ಕೊಳೆಯುವ ಮುಂಚೆ ಹಿಂಡಿಬಿಟ್ಟರು. ಮೂರನೆಯದು ನಮ್ಮ ಶೆಡ್ಡಿನ ಹಳೆಯ ಮೇಸ್ತ್ರಿ ಹೇಳಿದ್ದು, ನಾನು ನಂಬಿರುವುದೂ ಅದನ್ನೇ. ತಾತನ ಹೆಂಡತಿ ಬಾಣಂತಿಯಾಗಿದ್ದಾಗ ಯಾರೋ ಮಿಲಿಟರಿಯವರು ಒಂದು ಬಾಟಲಿ ಸಿಹಿ ವೈನು ತಂದುಕೊಟ್ಟರಂತೆ. ಆಕೆಗೆ ಅದು ಬಹಳ ಹಿಡಿಸಿತು. ಇನ್ನೊಂದು ಬೇಕೆಂದಳು. ತೋಟದ ತುಂಬ ದ್ರಾಕ್ಷಿ ಇರುವಾಗ ಕೊಳ್ಳುವುದೇನು ಎಂದು ತಾತ ಮನೆಯಲ್ಲೇ ಮಾಡಲು ಹೋದ. ಮೂರು ಸಲ ಹುಳಿಯೆದ್ದು ಹಾಳಾಯಿತು. ನಾಲ್ಕನೆಯ ಸಲವೂ ರಸ ಬುಸುಗುಡಲು ಶುರುವಾದಾಗ ಸಿಟ್ಟು ನೆತ್ತಿಗೇರಿ, ಕೈಯಲ್ಲಿದ್ದ ಬ್ರಾಂದಿ ಬಾಟಲಿಯನ್ನೇ ಹಂಡೆಗೆ ಸುರಿದು ಬಯ್ದುಕೊಂಡು ಎದ್ದುಹೋದ. ಆ ಹಂಡೆ ಕೆಡಲಿಲ್ಲ. ಸಿಹಿಯೂ ಉಳಿಯಿತು, ಘಾಟೂ ಬಂತು. ಸಿಟ್ಟಿನಿಂದ ಹುಟ್ಟಿದ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿದ್ದು ನನ್ನ ಪುಣ್ಯ.

ತಾತ ಸಿಟ್ಟಿನಲ್ಲಿ ಮಾಡಿದ್ದನ್ನೇ ನಾವು ಇಂದಿಗೂ ಸಮಾಧಾನದಿಂದ ಮಾಡುತ್ತೇವೆ. ದ್ರಾಕ್ಷಿ ಹಿಂಡಿ ಸಿಪ್ಪೆಸಮೇತ ಟ್ಯಾಂಕಿಗೆ ಹಾಕಿ ಯೀಸ್ಟ್ ಬಿಡುತ್ತೇವೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯ ಮಾಡುತ್ತಾ ಹೋಗುತ್ತದೆ. ಬಿಟ್ಟರೆ ಪೂರ್ತಿ ತಿಂದುಬಿಡುತ್ತದೆ. ಸುಮಾರು ಅರ್ಧ ಸಕ್ಕರೆ ಉಳಿದಿರುವಾಗ ದ್ರಾಕ್ಷಿಯಿಂದಲೇ ಇಳಿಸಿದ ಸ್ಪಿರಿಟ್ ಸುರಿದರೆ ಯೀಸ್ಟ್ ಸಾಯುತ್ತದೆ, ಸಿಹಿ ಅಲ್ಲೇ ನಿಲ್ಲುತ್ತದೆ. ಪೋರ್ಟ್ ವೈನ್ ಅಂದರೆ ಇಷ್ಟೇ. ಎಲ್ಲ ಇರುವುದು ಸುರಿಯುವ ಗಳಿಗೆಯಲ್ಲಿ. ಬೇಗ ಸುರಿದರೆ ಪಾನಕ, ತಡವಾದರೆ ಕಷಾಯ.

ಬೇರೆ ದೇಶದ ವೈನ್ ಮನೆಗಳ ಕಥೆಗಳನ್ನು ನಾನು ಓದಿಕೊಂಡಿದ್ದೇನೆ. ಪೋರ್ಚುಗಲ್ಲಿನಿಂದ ಹಡಗಿನಲ್ಲಿ ಹೋಗುವಾಗ ಕೆಡದಿರಲಿ ಎಂದು ಪೀಪಾಯಿಗಳಿಗೆ ಬ್ರಾಂದಿ ಸೇರಿಸುತ್ತಿದ್ದರಂತೆ. ಆಮೇಲೆ, ಸಿಹಿ ಇರುವಾಗಲೇ ಸೇರಿಸಿದರೆ ಇನ್ನೂ ಚೆನ್ನ ಎಂದು ಕಂಡುಕೊಂಡರು. ಸ್ಪೇನಿನಲ್ಲಿ ಶೆರ್ರಿ ಎನ್ನುವ ವೈನು ಮಾಡುವ ಮನೆಗಳಲ್ಲಿ ಹಳೆಯ ಪೀಪಾಯಿಯನ್ನು ಎಂದೂ ಪೂರ್ತಿ ಖಾಲಿ ಮಾಡುವುದಿಲ್ಲ. ಸ್ವಲ್ಪ ತೆಗೆದು, ಅಷ್ಟೇ ಹೊಸದನ್ನು ಸೇರಿಸುತ್ತಾರೆ. ನಮ್ಮ ಮನೆಯ ಮೊಸರಿನಂತೆ, ನಿನ್ನೆಯದರಲ್ಲಿ ಒಂದು ಚಮಚ ಇವತ್ತಿನದಕ್ಕೆ ಬಂದೇ ಬರುತ್ತದೆ. ಮದೀರಾ ದ್ವೀಪದ ವೈನು ಹಡಗಿನ ಹೊಟ್ಟೆಯಲ್ಲಿ ಬಿಸಿಲ ನಾಡುಗಳನ್ನು ಸುತ್ತಿ ಬಂದಾಗ ಕೆಡುವ ಬದಲು ರುಚಿಯಾಗಿತ್ತು. ಆಮೇಲೆ ಆ ದ್ವೀಪದವರು ಬೇಕೆಂದೇ ಅದನ್ನು ಬಿಸಿಯಲ್ಲಿಡಲು ಶುರುಮಾಡಿದರು. ಇದನ್ನು ಓದಿದ ದಿನ ನಾನು ನಮ್ಮ ತಗಡಿನ ಚಾವಣಿಯನ್ನು ಗೌರವದಿಂದ ನೋಡಿದೆ. ಅವರು ಹಡಗು ಹತ್ತಿಸಿ ಪಡೆದದ್ದನ್ನು ನಮ್ಮ ಶೆಡ್ಡು ಏಪ್ರಿಲ್ ತಿಂಗಳಲ್ಲಿ ಪುಕ್ಕಟೆ ಕೊಡುತ್ತದೆ.

ಆದರೆ ಆ ದೊಡ್ಡ ಮನೆಗಳಲ್ಲಿ ಇಲ್ಲದ ಒಂದು ವಸ್ತು ನಮ್ಮಲ್ಲಿತ್ತು. ಅದು ಮೇಸ್ತ್ರಿಯ ಕಿವಿ.

ಮೇಸ್ತ್ರಿ ಪುಟ್ಟೇನಹಳ್ಳಿಯವರು. ತಾತನ ಕಾಲದಲ್ಲಿ ಕೆಲಸಕ್ಕೆ ಸೇರಿ ಮೊಮ್ಮಗನ ಕಾಲದವರೆಗೂ ಬಂದವರು. ಮನೆದೇವರ ಮೇಲೆ ಆಣೆಯಿಟ್ಟು ಕುಡಿಯುವುದಿಲ್ಲ ಎಂದು ಹದಿಹರೆಯದಲ್ಲೇ ನಿರ್ಧರಿಸಿದವರು. ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸಿದವರಲ್ಲ. ಸ್ಪಿರಿಟ್ ಸುರಿಯುವ ಗಳಿಗೆಯನ್ನು ಅವರು ಕಂಡುಹಿಡಿಯುತ್ತಿದ್ದದ್ದು ಕಿವಿಯಿಂದ. ತಲೆಗೆ ಸುತ್ತಿದ ಟವೆಲನ್ನು ಸರಿಸಿ, ಕೆನ್ನೆಯನ್ನು ಟ್ಯಾಂಕಿಗೆ ಒತ್ತಿ ಕಿವಿಯಿಡುತ್ತಿದ್ದರು. ಅವರು ಕಿವಿಯಿಟ್ಟಾಗ ಶೆಡ್ಡಿನಲ್ಲಿ ಯಾರೂ ಮಾತಾಡಬಾರದು. ಮಾಲೀಕರ ಫೋನು ಬಡಿದುಕೊಂಡರೂ ಅವರೇ ಹೊರಗೆ ಓಡಬೇಕು. ಇದು ತಾತ ಮಾಡಿದ ಕಟ್ಟಳೆ. ಸರಿಯಾದ ಗಳಿಗೆ ಬಂದಾಗ ಮೇಸ್ತ್ರಿ ಬಲಗೈ ಎತ್ತಿ "ಉಯ್ರಿ" ಎನ್ನುತ್ತಿದ್ದರು. ಆಗ ಪಂಪು ಚಾಲೂ.

"ಇದು ಮಾತಾಡ್ತದೆ ತಾಯಿ" ಎಂದು ನಾನು ಸೇರಿದ ವಾರದಲ್ಲೇ ಅವರು ನನಗೆ ಪಾಠ ಹೇಳಿದ್ದರು. "ಮೊದ್ಲು ದೋಸೆ ಕಾವ್ಲಿ ಮ್ಯಾಲೆ ನೀರ್ ಚಿಮ್ಕಿಸ್ದಂಗೆ ಚೊಂಯ್ ಅಂತದೆ. ಆಮ್ಯಾಕೆ ಸಂತೆ ಗದ್ಲ. ಆ ಗದ್ಲ ಇಳ್ದು, ಅಂಗ್ಡಿ ಎತ್ತೋ ಒತ್ನಲ್ಲಿ ಒಂದ್ ಸದ್ದಿರ್ತದಲ್ಲ, ಅದು ಬಂತು ಅಂದ್ರೆ ಸಾಕು ಅಂತ ಅರ್ಥ."

ನಾನು ಮೈಕ್ರೋಬಯಾಲಜಿ ಓದಿ, ಕೈಯಲ್ಲಿ ಹೈಡ್ರೋಮೀಟರ್ ಹಿಡಿದು ಬಂದವಳು. ರಸದಲ್ಲಿ ತೇಲುವ ಗಾಜಿನ ಕಡ್ಡಿ ಅದು. ಸಕ್ಕರೆ ಕಡಿಮೆಯಾದಂತೆಲ್ಲ ಕೆಳಗಿಳಿಯುತ್ತದೆ, ಗೆರೆ ನೋಡಿ ಸಿಹಿ ಎಷ್ಟಿದೆ ಹೇಳಬಹುದು. ಮೊದಲ ಸುಗ್ಗಿಯಲ್ಲೇ ನಮ್ಮಿಬ್ಬರಿಗೆ ಜಗಳ ಹತ್ತಿತು. ಲೋಟದಲ್ಲಿ ರಸ ಹಿಡಿದು ಮೂಸಿದೆ, ಕಡ್ಡಿ ಬಿಟ್ಟೆ. ಪುಸ್ತಕದ ಪ್ರಕಾರ ಇನ್ನೂ ಎರಡು ಗೆರೆ ಇಳಿಯಬೇಕಿತ್ತು. ಅಷ್ಟರಲ್ಲಿ ಮೇಸ್ತ್ರಿಯ ಕೈ ಮೇಲೆದ್ದಿತು.

"ಇನ್ನೂ ಆಗಿಲ್ಲ ಮೇಸ್ತ್ರಿ, ಅರ್ಧ ಗಂಟೆ ಕಾಯ್ಬೇಕು" ಎಂದು ಕೂಗಿದೆ.

"ಆಗದೆ ಕಣವ್ವ" ಎಂದರು ನಗುತ್ತ. "ಉಯ್ರಿ."

ಆ ವರ್ಷದ ಆ ಟ್ಯಾಂಕಿನಷ್ಟು ಒಳ್ಳೆಯದನ್ನು ನಾವು ಅದಕ್ಕೆ ಮುಂಚೆ ಮಾಡಿರಲಿಲ್ಲ ಎಂದು ಮಾಲೀಕರೇ ಹೇಳಿದರು. ನನ್ನ ಮುಖಕ್ಕೆ ಮಂಗಳಾರತಿ ಆಯಿತು. ಒಂದು ವಾರ ಮೇಸ್ತ್ರಿಯ ಜೊತೆ ಮಾತು ಬಿಟ್ಟೆ, ಆಮೇಲೆ ಸೋತೆ ಎಂದು ಒಪ್ಪಿಕೊಂಡೆ. ಅವತ್ತಿನಿಂದ ಕಡ್ಡಿಯ ಅಳತೆಯನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದೆನೇ ಹೊರತು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಟ್ಯಾಂಕಿನ ಹಾಳೆಯಲ್ಲಿ 'ಸ್ಪಿರಿಟ್ ಸೇರಿಸಲು ಹೇಳಿದವರು' ಎಂದು ಒಂದು ಕಾಲಂ ಇದೆ. ಅಲ್ಲಿ ನಾನೇ ನನ್ನ ಕೈಯಾರೆ 'ಮೇಸ್ತ್ರಿ' ಎಂದು ಬರೆಯುತ್ತಿದ್ದೆ. ಇದು ಎಷ್ಟೋ ಸುಗ್ಗಿಗಳವರೆಗೆ ನಡೆಯಿತು.

ಅವರ ಕೀರ್ತಿ ಹಬ್ಬಿತು. ಶನಿವಾರ ಅಪಾರ್ಟ್‌ಮೆಂಟುಗಳಿಂದ ಬರುವ ಜನ "ಕಿವಿ ತಾತ ಎಲ್ಲಿ?" ಎಂದು ಕೇಳಿ, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದರು. ಮೇಸ್ತ್ರಿ ಅದಕ್ಕೆಂದೇ ಇಸ್ತ್ರಿ ಅಂಗಿ ಹಾಕಿಕೊಂಡು ಬರತೊಡಗಿದರು. ನನಗೆ ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚು ಇತ್ತು ಎಂದು ಈಗ ಹೇಳಬಹುದು.

ಯಲಹಂಕದಲ್ಲಿ ಏರ್ ಶೋ ನಡೆಯುವ ವರ್ಷಗಳಲ್ಲಿ ಅದರ ಅಭ್ಯಾಸಕ್ಕೂ ನಮ್ಮ ಸುಗ್ಗಿಗೂ ಒಂದೇ ಸಮಯ. ಯುದ್ಧವಿಮಾನ ತಲೆಯ ಮೇಲೆ ಹಾರಿದರೆ ಶೆಡ್ಡಿನ ತಗಡು ಗಡಗಡ ನಡುಗುತ್ತದೆ, ನಾವೆಲ್ಲ ಕಿವಿ ಮುಚ್ಚಿಕೊಂಡು ಕುಕ್ಕರಿಸುತ್ತೇವೆ. ಮೇಸ್ತ್ರಿ ಮಾತ್ರ ಟ್ಯಾಂಕಿಗೆ ಕೆನ್ನೆ ಹಚ್ಚಿ ನಿಂತವರು ರೆಪ್ಪೆ ಕೂಡ ಅಲುಗಿಸುತ್ತಿರಲಿಲ್ಲ. ನಾನು ಬೆರಗಾಗಿ ನೋಡುತ್ತಿದ್ದೆ. ಏನು ಏಕಾಗ್ರತೆ ಈ ಮುದುಕರದ್ದು ಎಂದು ಮನೆಗೆ ಬಂದು ಅಮ್ಮನ ಹತ್ತಿರ ಹೊಗಳಿದ್ದೂ ಉಂಟು. ಓದಿದವಳು ಎಷ್ಟು ದಡ್ಡಿಯಾಗಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಆಮೇಲೆ ಎಲ್ಲರೂ ಮಾಸ್ಕ್ ಹಾಕಿಕೊಳ್ಳುವ ಕಾಲ ಬಂತು. ಆ ಸುಗ್ಗಿಯ ಮೂರು ಟ್ಯಾಂಕು ಆಗಲೇ ಮುಗಿದಿದ್ದವು. ಸುಗ್ಗಿ ನಿಲ್ಲಲಿಲ್ಲ, ಆದರೆ ಅಲ್ಲಿಂದ ಶೆಡ್ಡಿನಲ್ಲಿ ಎಲ್ಲರ ಮುಖಕ್ಕೂ ಬಟ್ಟೆ. ನಾಲ್ಕನೆಯ ಟ್ಯಾಂಕಿನ ದಿನ ಅಬಕಾರಿ ಇನ್ಸ್‌ಪೆಕ್ಟರು ಬೆಳಿಗ್ಗೆ ಹತ್ತಕ್ಕೇ ಬಂದಿದ್ದರು. ಸ್ಪಿರಿಟ್ ಇಡುವ ಕೋಣೆಗೆ ಎರಡು ಬೀಗ, ಒಂದರ ಕೀ ನಮ್ಮದು, ಇನ್ನೊಂದರದ್ದು ಅವರದ್ದು. ಎರಡೂ ಬೀಗ ತೆಗೆದು, ಪಂಪಿನ ಪೈಪು ಜೋಡಿಸಿ, ಎಲ್ಲರೂ ಮೇಸ್ತ್ರಿಯ ಕೈಯನ್ನೇ ನೋಡುತ್ತಾ ಕೂತೆವು.

ಹನ್ನೊಂದಕ್ಕೆ ನನ್ನ ಕಡ್ಡಿ ಸರಿಯಾದ ಗೆರೆಗೆ ಬಂತು. ಮೇಸ್ತ್ರಿ ಕಿವಿಯಿಟ್ಟರು. ಕೈ ಏಳಲಿಲ್ಲ. ನನ್ನ ಮೇಜಿನತ್ತ ನೋಡಿದರು, ಮತ್ತೆ ಕಿವಿಯಿಟ್ಟರು. ಹನ್ನೊಂದೂವರೆ ಆಯಿತು, ಹನ್ನೆರಡಾಯಿತು. ಕಡ್ಡಿ ಒಂದು ಗೆರೆ ಇಳಿಯಿತು, ಇನ್ನೊಂದು ಇಳಿಯಿತು. ಮಾತಾಡುವಂತಿಲ್ಲ. ಮಾತಾಡುವ ಹಾಗಿದ್ದರೂ, ಮೊದಲ ವರ್ಷ ಬಾಯಿ ಬಿಟ್ಟು ಆದ ಅವಮಾನ ನೆನಪಿತ್ತು. ಇವರ ಕಿವಿಗೆ ಏನೋ ಬೇರೆ ಕೇಳಿಸುತ್ತಿರಬೇಕು ಎಂದು ಸುಮ್ಮನೆ ನಿಂತೆ. ಇನ್ಸ್‌ಪೆಕ್ಟರು ಹೊರಗೆ ನೇರಳೆ ಮರದ ಕೆಳಗೆ ಕೂತು ಮೊಸರನ್ನ ತಿಂದು, ಡಬ್ಬಿ ತೊಳೆದು, ಆಕಳಿಸಿ, ಒಳಗೆ ಬಂದರು. ಮೇಸ್ತ್ರಿಯ ಹಣೆಯಲ್ಲಿ ಬೆವರು. ಟ್ಯಾಂಕಿನಿಂದ ನನ್ನತ್ತ, ನನ್ನಿಂದ ಟ್ಯಾಂಕಿನತ್ತ ನೋಡಿ ನೋಡಿ ಕೊನೆಗೆ ನೆಟ್ಟಗೆ ನನ್ನ ಮೇಜಿನ ಹತ್ತಿರ ಬಂದರು.

"ಮಾಸ್ಕು ಒಸಿ ತೆಗಿ ತಾಯಿ" ಎಂದರು, ಬೇಡುವ ದನಿಯಲ್ಲಿ.

ಯಾಕೆಂದು ತಿಳಿಯದೆ ಕಿವಿಯಿಂದ ದಾರ ಬಿಡಿಸಿದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ನಾನು ಆಗ ಆತಂಕದಿಂದ ಬಾಯಿ ತೆರೆದುಕೊಂಡು ನಿಂತಿದ್ದೆ. ಅವರ ಮುಖ ಇಳಿದುಹೋಯಿತು. ತಕ್ಷಣ ಕೈ ಎತ್ತಿ "ಉಯ್ರಿ, ಉಯ್ರಿ" ಎಂದು ಕೂಗಿದರು.

ತಡವಾಗಿತ್ತು. ಸಿಹಿ ಬಹಳ ಇಳಿದುಹೋಗಿತ್ತು. ಪಂಪಿನ ಕೆಲಸ ಮುಗಿದು ಇನ್ಸ್‌ಪೆಕ್ಟರು ಬೀಗ ಹಾಕಿ ಹೋದ ಮೇಲೆ ನಾನು ಮಾಸ್ಕ್ ಏರಿಸಿಕೊಂಡು ಮೇಸ್ತ್ರಿಯ ಹಿಂದೆ ನೇರಳೆ ಮರದ ಕಡೆಗೆ ಹೋದೆ. "ಏನಾಯ್ತು ಮೇಸ್ತ್ರಿ ನಿಮ್ಗೆ ಇವತ್ತು?" ಎಂದು ಕೇಳಿದೆ. ಅವರು ಕೆರೆಯ ಕಡೆ ನೋಡುತ್ತಾ ನಿಂತಿದ್ದರು. ಇನ್ನೊಮ್ಮೆ ಕೇಳಿದೆ. ಮೂರನೆಯ ಸಲ ಕೂಗಿದೆ. ಆಗಲೂ ತಿರುಗಲಿಲ್ಲ. ನನಗೆ ಒಮ್ಮೆಲೇ ಯುದ್ಧವಿಮಾನಗಳು ನೆನಪಾದವು. ಎದುರಿಗೆ ಹೋಗಿ ಮಾಸ್ಕ್ ತೆಗೆದು, ನಿಧಾನವಾಗಿ ಕೇಳಿದೆ.

"ನಿಮ್ಗೆ ಕಿವಿ ಕೇಳ್ಸಲ್ವಾ?"

ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಕಣ್ಣು ತುಂಬಿದವು.

"ಟ್ಯಾಂಕಿಂದು ಕೇಳಿ ಭಾಳ ವರ್ಷ ಆಯ್ತು" ಎಂದರು. "ನೀನು ಬರಾಕ್ ಮುಂಚೆ ಅಂಗೈ ಇಟ್ಟು ಬಿಸಿ ನೋಡಿ ಅಂದಾಜ್ನಾಗೆ ಏಳ್ತಿದ್ದೆ. ಒಂದೊಂದ್ ಸಲ ತಪ್ತಿತ್ತು. ನೀನ್ ಬಂದೆ, ದೇವ್ರು ಬಂದಂಗಾಯ್ತು. ರಸ ಸರ್ಯಾಗ್ ಬಂದ್ರೆ ನೀನು ಕೆಳಗ್ಲ ತುಟಿ ಕಚ್ಕೊಂತೀಯ ಕಣವ್ವ. ಒಂದ್ ದಿನಾನೂ ತಪ್ಪಿಲ್ಲ. ಅದ್ನ ನೋಡ್ಕಂಡು ನಾನು ಕೈ ಎತ್ತೋದು."

ನನಗೆ ಸಿಟ್ಟು ಬಂತು. "ಮೊದಲ ವರ್ಷ ನಾನು ಬೇಡ ಅಂದಿದ್ನಲ್ಲ? ಇನ್ನೂ ಆಗಿಲ್ಲ ಅಂದಿದ್ನಲ್ಲ?"

"ಆ ಮಾತು ನಂಗ್ ಕೇಳ್ಸಿದ್ರೆ ತಾನೆ! ಬಾಯ್ ಅಲ್ಲಾಡಿದ್ ಕಂಡೆ, ಏನೋ ಪುಸ್ತಕ್ದ್ ಸಮಾಚಾರ ಏಳ್ತಾವಳೆ ಅನ್ಕಂಡೆ. ಅದಕ್ ಮುಂಚೆ ನೀನ್ ಮೂಸ್ದೆ ನೋಡು, ಆಗ್ಲೇ ತುಟಿ ಕಚ್ಚಿದ್ದೆ."

ಅಂದರೆ ಆ ಜಗಳದಲ್ಲಿ ನಾನು ಸೋತದ್ದು ನನಗೇ! ಪುಸ್ತಕ ಬೇಡವೆಂದರೂ ನನ್ನ ಮೂಗು ಹೂಂ ಎಂದಿತ್ತು. ಅದನ್ನು ನಾನು ಕೇಳಿಸಿಕೊಂಡಿರಲಿಲ್ಲ, ಕಿವಿ ಕೇಳದವರು ಕೇಳಿಸಿಕೊಂಡಿದ್ದರು. ಇಷ್ಟು ವರ್ಷ ನಾನು ಅವರ ಕೈ ನೋಡುತ್ತಿದ್ದೆ, ಅವರು ನನ್ನ ತುಟಿ ನೋಡುತ್ತಿದ್ದರು. ನಗು ಉಕ್ಕಿಬಂತು. ಆದರೆ ಮೇಸ್ತ್ರಿ ನಗುತ್ತಿರಲಿಲ್ಲ.

"ಧಣಿಗೆ ಏಳ್ಬೇಡ" ಎಂದರು. "ಕಿವಿ ಓಯ್ತು ಅಂದ್ರೆ ಮನೆಗ್ ಓಗು ಅಂತಾರೆ. ಮನ್ಯಾಗ್ ಕುಂತು ಏನ್ ಮಾಡ್ಲಿ? ಈ ಶೆಡ್ ಬಿಟ್ರೆ ನಂಗೆ ಏನೂ ಬರಾಕಿಲ್ಲ."

ಅವತ್ತು ಟ್ಯಾಂಕಿನ ಹಾಳೆಯ ಮುಂದೆ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಸುಳ್ಳು ಬರೆಯುವುದು ನನ್ನ ಜಾಯಮಾನವಲ್ಲ. 'ಹೇಳಿದವರು' ಎನ್ನುವಲ್ಲಿ ಮೇಸ್ತ್ರಿಯ ಬದಲು 'ನಾನು' ಎಂದು ಬರೆದು ಸಹಿ ಹಾಕಿದೆ. ಯೋಚಿಸಿದರೆ, ಇಷ್ಟು ವರ್ಷಗಳಲ್ಲಿ ಆ ಕಾಲಂನಲ್ಲಿ ನಾನು ಬರೆದ ಮೊದಲ ನಿಜ ಅದೇ.

ಮರುದಿನ ಮಾಲೀಕರು ರುಚಿ ನೋಡಿ ಮುಖ ಕಿವುಚಿದರು. "ಏನ್ರೀ ಇದು, ಕಷಾಯ ಮಾಡಿಟ್ಟಿದೀರಲ್ಲ! ಮೇಸ್ತ್ರಿ ಇರ್ಲಿಲ್ವಾ?"

"ಇದ್ರು ಸಾರ್. ಹೇಳ್ಬೇಕಿದ್ದಿದ್ದು ನಾನು, ತಡ ಮಾಡ್ಬಿಟ್ಟೆ."

ಸರಿಯಾಗಿ ಬೈಸಿಕೊಂಡೆ. ಬೈಸಿಕೊಳ್ಳುವುದು ನನಗೆ ಒಗ್ಗುವುದಿಲ್ಲ, ಆದರೂ ಅವತ್ತು ತುಟಿಪಿಟಕ್ಕೆನ್ನಲಿಲ್ಲ. ಐದನೆಯ ಟ್ಯಾಂಕಿಗೆ ಬೇಕೆಂದೇ ಬೇಗ ಸ್ಪಿರಿಟ್ ಹಾಕಿಸಿ ಸಿಹಿ ಹೆಚ್ಚು ಉಳಿಸಿದೆ. ಎರಡನ್ನೂ ಬೆರೆಸಿ ಪೀಪಾಯಿಗೆ ತುಂಬಿದೆವು. ಉಪ್ಪು ಜಾಸ್ತಿಯಾದ ಸಾರಿಗೆ ಬೇಳೆಕಟ್ಟು ಸುರಿದು ಸರಿಮಾಡುವ ಬುದ್ಧಿ ಅಮ್ಮನಿಂದ ಬಂದದ್ದು. ಕುಡಿದ ಯಾರೂ ದೂರಲಿಲ್ಲ.

ಆಮೇಲೆ ಮೇಸ್ತ್ರಿಯನ್ನು ಯಲಹಂಕದ ಒಬ್ಬ ಕಿವಿಯ ಡಾಕ್ಟರ ಹತ್ತಿರ ಆಟೋದಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ತಕರಾರು. "ಮಿಷಿನ್ ಇಕ್ಕಂಡ್ರೆ ಊರಿಗೆಲ್ಲಾ ಗೊತ್ತಾಯ್ತದೆ." ಟವೆಲಿನ ಕೆಳಗೆ ಯಾರಿಗೂ ಕಾಣುವುದಿಲ್ಲ ಎಂದು ನಾನು. ಮಾಲೀಕರು ಒಂದು ದಿನ ಅದನ್ನು ಕಂಡೇಬಿಟ್ಟರು. "ಆಡು ಕೇಳೋ ಮಿಷಿನ್ನು ಧಣಿ, ನಿಮ್ ಮಗ ಇಕ್ಕಂತಾರಲ್ಲ, ಅಂಥದ್ದೇ" ಎಂದರು ಮೇಸ್ತ್ರಿ, ರೆಪ್ಪೆ ಅಲುಗಿಸದೆ. ಮಾಲೀಕರು ಶಹಬ್ಬಾಸ್ ಎಂದು ಬೆನ್ನು ತಟ್ಟಿದರು.

ಮಾಸ್ಕುಗಳು ಹೋದ ಮೇಲಿನ ಮೊದಲ ಸುಗ್ಗಿ. ಮೊದಲ ಟ್ಯಾಂಕು. ಇನ್ಸ್‌ಪೆಕ್ಟರು ಬೀಗ ತೆಗೆದು ಕೂತಿದ್ದರು. ಮೇಸ್ತ್ರಿ ಇಸ್ತ್ರಿ ಅಂಗಿ ಹಾಕಿಕೊಂಡು, ಟವೆಲು ಸರಿಸಿ, ಮಿಷಿನ್ನಿನ ಕಿವಿಯನ್ನು ಟ್ಯಾಂಕಿಗೆ ಒತ್ತಿದರು. ಒತ್ತಿದವರು ಬೆಚ್ಚಿ ಹಿಂದೆ ಸರಿದರು. "ಅಯ್ಯಯ್ಯೋ, ಏನ್ ಗಲಾಟೆ ಮಾಡ್ತದಮ್ಮ ಇದು!" ಎಂದು ತಾವೇ ಕಟ್ಟಳೆ ಮುರಿದು ಕೂಗಿದರು. ಮತ್ತೆ ಕಿವಿಯಿಟ್ಟು ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ನನ್ನತ್ತ ನೋಡಿ ಬೆರಳು ತಿರುಗಿಸಿದರು.

"ಗೋಡೆ ಕಡೆ ತಿರುಕ್ಕೊ ತಾಯಿ. ಒಂದ್ ಸಲ ನಾನೇ ನೋಡ್ತೀನಿ."

ಗೋಡೆಗೆ ಮುಖ ಮಾಡಿ ನಿಂತೆ. ಬಣ್ಣ ಉದುರಿದ ಗೋಡೆ, ಅದರ ಮೇಲೊಂದು ಹಳೇ ಕ್ಯಾಲೆಂಡರು. ನಾನು ಬರುವ ಮುಂಚಿನ ಕಾಲದಲ್ಲಿ ಇವರ ಕಿವಿ ನಿಜವಾಗಿಯೂ ಇತ್ತೇ ಅಥವಾ ಅದೂ ಬೋರ್ಡಿನ ಮೇಲಿನ ಚರಿತ್ರೆಯಂತೆಯೇ ಎನ್ನುವುದು ಇನ್ನು ಸ್ವಲ್ಪ ಹೊತ್ತಿನಲ್ಲಿ ತಿಳಿಯಬೇಕಿತ್ತು. ನನಗಿಂತ ಹೆಚ್ಚಾಗಿ ಅವರಿಗೆ ತಿಳಿಯಬೇಕಿತ್ತು. ಇವರು ಗೆಲ್ಲಲಿ ಎಂದು ನಾನು ಯಾವ ಪರೀಕ್ಷೆಗೂ ಬೇಡಿಕೊಳ್ಳದಷ್ಟು ಬೇಡಿಕೊಂಡೆ. ಅರ್ಧ ಗಂಟೆ ಕಳೆಯಿತು. ಜಕ್ಕೂರಿನ ಹಾರಾಟ ಶಾಲೆಯ ಸಣ್ಣ ವಿಮಾನವೊಂದು ಗುಂಯ್ ಎನ್ನುತ್ತ ಮೇಲೆ ಹಾದುಹೋಯಿತು. "ಥೂ, ಸುಮ್ಕಿರು" ಎಂದು ಮೇಸ್ತ್ರಿ ಅದನ್ನು ಬೈದದ್ದು ಕೇಳಿಸಿತು.

ಆಮೇಲೆ ಹಿಂದಿನಿಂದ ದನಿ ಬಂತು.

"ಉಯ್ರಿ."

ಓಡಿದೆ. ಪಂಪು ತಿರುಗುವ ಮುಂಚೆ ಒಂದು ಲೋಟ ರಸ ಹಿಡಿದು ಕಡ್ಡಿ ಬಿಟ್ಟೆ. ಅದು ಎರಡು ಸಲ ಮೇಲೆ ಕೆಳಗೆ ಆಡಿ ನಿಂತಿತು. ಮೇಸ್ತ್ರಿ ಹತ್ತಿರ ಬಂದರು. ಅವರು ಕಡ್ಡಿಯನ್ನಾಗಲಿ ಗೆರೆಯನ್ನಾಗಲಿ ನೋಡಲಿಲ್ಲ. ನನ್ನ ಮುಖವನ್ನು ನೋಡಿ, ಮಗುವಿನಂತೆ ಚಪ್ಪಾಳೆ ತಟ್ಟಿದರು.

"ಕಚ್ಚಿದ್ಲು!" ಎಂದರು ಇನ್ಸ್‌ಪೆಕ್ಟರ ಕಡೆ ತಿರುಗಿ. "ನೋಡಿ ಸಾರ್, ತುಟಿ ಕಚ್ಚಿದ್ಲು!"